ಖರ್ಚಿಗಲ್ಲದ ಐದು ರೂಪಾಯಿ

ತಿಪಟೂರಿನ ಕೊಬ್ಬರಿ ವರ್ತಕರೊಬ್ಬರ ಮನೆಯಲ್ಲಿ ವರ್ಷಕ್ಕೆ ಕೆಲವು ಸಲ ಏಳೆಂಟು ಮಂದಿ ನಾಣ್ಯಸಂಗ್ರಾಹಕರು ಸೇರುತ್ತಾರೆ. ಸಂಘವೆಂಬ ಹೆಸರಿಲ್ಲ, ಪದಾಧಿಕಾರಿಗಳಿಲ್ಲ. ತುರುವೇಕೆರೆಯಿಂದ ಇಬ್ಬರು, ಚಿಕ್ಕನಾಯಕನಹಳ್ಳಿಯಿಂದ ಒಬ್ಬರು, ಉಳಿದವರು ಊರಿನವರೇ. ಬಸವ ಜಯಂತಿಯಂದು 2006ರಲ್ಲಿ ಬಂದ ಬಸವೇಶ್ವರರ ಐದು ರೂಪಾಯಿ ನಾಣ್ಯವನ್ನು ಬಾಳೆಯೆಲೆಯ ಮೇಲಿಟ್ಟು ಒಂದು ಹೂವಿರಿಸುತ್ತಾರೆ. ನಾರಾಯಣ ಗುರುಗಳ ದಿನಕ್ಕೆ ಅವರ ನಾಣ್ಯ, ತುಕಾರಾಮರನ್ನು ನೆನೆಯುವ ದಿನ 2002ರ ಒಂದು ರೂಪಾಯಿ. ಕಳೆದ ಮಹಾವೀರ ಜಯಂತಿಗೆ ನನ್ನನ್ನೂ ಕರೆದಿದ್ದರು. “ಮೇಷ್ಟ್ರೇ, ನಿಮ್ಮ ಹಬ್ಬ, ನೀವೇ ಇಲ್ದಿದ್ರೆ ಹೆಂಗೆ?” ಎಂಬ ಮಾತಿಗೆ ಎದುರಾಡಲಾಗದೆ ಹೋದೆ.

ಹೋಗುವ ಮನಸ್ಸು ನಿಜವಾಗಿ ಇರಲಿಲ್ಲ. ಅಪರಿಗ್ರಹವನ್ನು ಬೋಧಿಸಿದವನ ಹೆಸರಿನ ನಾಣ್ಯವನ್ನು ಸಂಗ್ರಹಿಸುವುದು ನನ್ನ ದೃಷ್ಟಿಯಲ್ಲಿ ಒಂದು ವಿಪರ್ಯಾಸವಾಗಿತ್ತು. ಹಾಗೆಂದು ಒಂದೆರಡು ಸಭೆಗಳಲ್ಲಿ ತುಸು ಕಟುವಾಗಿಯೇ ಹೇಳಿಯೂ ಇದ್ದೆ.

ಅವರ ಮನೆಯ ನಡುಮನೆಯಲ್ಲಿ ಕುಳಿತರೆ ಮೇಲಿನ ಅಟ್ಟದಿಂದ ಕೊಬ್ಬರಿಯ ಎಣ್ಣೆಗಂಪು ಇಳಿಯುತ್ತಿರುತ್ತದೆ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರಷ್ಟೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಿಸಿದರೆ ಗಲಗಲ ಎನ್ನಬೇಕು. ಆಗಲೇ ಅದು ಉಂಡೆ ಕೊಬ್ಬರಿ. ಮನೆಯ ಯಜಮಾನರು ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸುವ ರೀತಿಗೂ ಹಳೆಯ ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿಸಿ ನಾದ ಕೇಳುವ ರೀತಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಆ ದಿನ ಎಲೆಯ ಮೇಲಿದ್ದುದು ಮಹಾವೀರನ 2600ನೆಯ ಜನ್ಮಕಲ್ಯಾಣಕದ ನೆನಪಿಗೆ ಭಾರತ ಸರ್ಕಾರ 2001ರಲ್ಲಿ ಹೊರತಂದ ಐದು ರೂಪಾಯಿ. ನೂರು ರೂಪಾಯಿ ಮುಖಬೆಲೆಯದೂ ಆಗ ಬಂದಿತ್ತು. ಆದರೆ ಅದು ಸಂಗ್ರಾಹಕರ ಪೆಟ್ಟಿಗೆಗೆಂದೇ ಹುಟ್ಟಿದ ನಾಣ್ಯ. ಐದು ರೂಪಾಯಿಯದು ಸಂತೆಗೆ ಹೋಗಿ ಬಂದದ್ದು, ಬೆವರು ಕಂಡದ್ದು. ಅದರಲ್ಲಿ ತೀರ್ಥಂಕರನ ಮೂರ್ತಿಯಿಲ್ಲ, ಜೈನ ಚಿಹ್ನೆಯಷ್ಟೇ ಇದೆ. ಪಕ್ಕದಲ್ಲಿ ಆಚಾರ್ಯ ತುಲಸಿಯವರ ಜನ್ಮಶತಮಾನೋತ್ಸವದ ನಾಣ್ಯವಿತ್ತು. ಅದರಲ್ಲಿ ಅವರ ಮುಖವೇ ಇದೆ. 2025ರಲ್ಲಿ ಆಚಾರ್ಯ ವಿದ್ಯಾಸಾಗರರ ಹಾಗೂ ಆಚಾರ್ಯ ವಿದ್ಯಾನಂದರ ನೆನಪಿಗೂ ನಾಣ್ಯಗಳು ಬಿಡುಗಡೆಯಾದವೆಂಬ ಮಾತು ಬಂತು. ಸದಲಗಾ, ಶೇಡಬಾಳ, ಎರಡೂ ನಮ್ಮ ಬೆಳಗಾವಿ ಜಿಲ್ಲೆಯ ಊರುಗಳು. ಹೆಮ್ಮೆಪಡಬೇಕಾದ ಸಂಗತಿ. ಆದರೂ ನನ್ನ ನಾಲಗೆ ಸುಮ್ಮನಿರಲಿಲ್ಲ. ದಿಗಂಬರ ಮುನಿ ದೀಕ್ಷೆಯ ಮೇಲೆ ಕೈಯಿಂದ ಹಣ ಮುಟ್ಟುವವನಲ್ಲ. ಅವನಿಗೆ ನಾವು ಸಲ್ಲಿಸುವ ಗೌರವ ನಾಣ್ಯದ ರೂಪದಲ್ಲೇ ಆಗಬೇಕೆ ಎಂದು ಕೇಳಿಬಿಟ್ಟೆ.

ಚಿಕ್ಕನಾಯಕನಹಳ್ಳಿಯಿಂದ ಬಂದಿದ್ದ ನಿವೃತ್ತ ಅಂಚೆ ನೌಕರರು ಉತ್ತರವಾಗಿ ಎರಡು ಚಿತ್ರಗಳನ್ನು ಮುಂದಿಟ್ಟರು. ಮೊದಲನೆಯದು ಹೊಯ್ಸಳ ವಿಷ್ಣುವರ್ಧನನ ಹೊನ್ನು. ಅವನ ನಾಣ್ಯಗಳ ಮೇಲೆ ತಲಕಾಡುಗೊಂಡ, ನೊಣಂಬವಾಡಿಗೊಂಡ ಎಂಬ ಬಿರುದುಗಳು ಕನ್ನಡ ಅಕ್ಷರಗಳಲ್ಲಿವೆ. ನೊಣಂಬವಾಡಿಯ ನೆನಪು ಇಲ್ಲಿಯವರಿಗೆ ದೂರದ್ದಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರದ ಭುವನೇಶ್ವರಿಯ ಕೆಳಗೆ ನಿಂತರೆ ಸಾಕು. ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜ ಪರಮ ಜಿನಭಕ್ತ, ಬೆಳ್ಗೊಳದ ಗೊಮ್ಮಟನಿಗೆ ಸುತ್ತಾಲಯ ಕಟ್ಟಿಸಿದವನು. ನಾಣ್ಯದಲ್ಲಿ ಗೆಲವಿದೆ, ಗೆದ್ದವನಿಲ್ಲ. ಎರಡನೆಯದು ಟಿಪ್ಪುವಿನ ರೂಪಾಯಿ. ಅದರ ಹೆಸರು ಇಮಾಮಿ, ಇಮಾಮರ ನೆನಪಿಗೆ. ಚಿನ್ನದ ನಾಣ್ಯಗಳಲ್ಲಿ ಅಹ್ಮದಿ ಪ್ರವಾದಿಯ ಹೆಸರಿನದು, ಸಿದ್ದೀಕಿ ಮೊದಲ ಖಲೀಫ ಅಬೂಬಕ್ಕರರದು. ಅವುಗಳಲ್ಲಿ ಮುಖವಿಲ್ಲ, ಹೆಸರಷ್ಟೇ. “ಪೂಜ್ಯರನ್ನ ದುಡ್ಡಿನ ಜೊತೆ ನೆನೆಯೋದು ಈಗಿನ ಸರ್ಕಾರ ಕಂಡುಹಿಡಿದಿದ್ದಲ್ಲ ಮೇಷ್ಟ್ರೇ” ಎಂದರು.

ನಿಜವೇ. ನನ್ನ ವಿದ್ಯಾರ್ಥಿಗಳಿಗೆ ನಾನೇ ಪಾಠ ಹೇಳಿದ ಸಂಗತಿಗಳು ಎದುರು ಬಂದು ನಿಂತವು. ಬೆಳ್ಗೊಳದ ಶಾಸನಗಳಲ್ಲಿ ಭಕ್ತರು ಇಂತಿಷ್ಟು ಗದ್ಯಾಣ ಇಟ್ಟು, ಅದರ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ಹಾಲು ನಡೆಯಲಿ ಎಂದು ವ್ಯವಸ್ಥೆ ಮಾಡಿದ್ದಾರೆ. ನಿರ್ಗ್ರಂಥನ ತಲೆಯ ಮೇಲೆ ಬಿದ್ದ ಹಾಲು ಬಡ್ಡಿಯ ಹಾಲು. ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಲಕ್ಕುಂಡಿಯೇ ಪ್ರಸಿದ್ಧ ಟಂಕಸಾಲೆಯ ಊರು. ಲೊಕ್ಕಿಯ ಗದ್ಯಾಣವೆಂದು ಶಾಸನಗಳು ಕರೆಯುವುದು ಅಲ್ಲಿಯ ಹೊನ್ನನ್ನೇ. ದಾನಚಿಂತಾಮಣಿ ಎಂಬ ಬಿರುದು ನಾಣ್ಯವಿಲ್ಲದ ಊರಿನಲ್ಲಿ ಹುಟ್ಟಲಿಲ್ಲ.

ಮನೆಯ ಯಜಮಾನರು ಲಿಂಗಾಯತರು. ಅವರು ಎತ್ತಿದ ಮಾತು ಬೇರೆ: ಬಸವಣ್ಣನವರು ಬಿಜ್ಜಳನ ಭಂಡಾರಿ. (ಬಿಜ್ಜಳನ ಮತದ ಚರ್ಚೆಯನ್ನು ಆ ದಿನ ಇಬ್ಬರೂ ಜಾಣತನದಿಂದ ದೂರವಿಟ್ಟೆವು.) ಭಂಡಾರದ ಹಣ ಜಂಗಮರ ಪಾಲಾಗುತ್ತಿದೆಯೆಂದು ಚಾಡಿಕೋರರು ದೂರಿದಾಗ ಎಣಿಸಿ ನೋಡಿದರೆ ಕಾಸೂ ಕಡಿಮೆಯಿರಲಿಲ್ಲವೆಂಬುದು ಪುರಾಣಗಳ ಕಥೆ. ಯುರೋಪಿನ ನಾಣ್ಯಸಂಗ್ರಾಹಕರಿಗೂ ಇಂಥ ಒಬ್ಬ ಸಂತನಿದ್ದಾನೆ. ಏಳನೆಯ ಶತಮಾನದ ಎಲಿಜಿಯಸ್ ಮೊದಲು ಅಕ್ಕಸಾಲಿಗ, ಬಳಿಕ ಫ್ರಾಂಕ್ ದೊರೆಗಳ ಟಂಕಸಾಲೆಯ ಅಧಿಕಾರಿ, ಕೊನೆಗೆ ನೊಯೋನಿನ ಬಿಷಪ್. ಒಂದು ಸಿಂಹಾಸನಕ್ಕೆಂದು ದೊರೆ ಕೊಟ್ಟ ಚಿನ್ನದಲ್ಲಿ ಎರಡನ್ನು ಮಾಡಿಕೊಟ್ಟನೆಂಬುದು ಅವನ ಪ್ರಾಮಾಣಿಕತೆಯ ಐತಿಹ್ಯ. ಅವನ ಹೆಸರನ್ನೇ ಹೊತ್ತ ಚಿನ್ನದ ನಾಣ್ಯಗಳು ಇಂದಿಗೂ ಉಳಿದಿವೆ. ಅವನ ಹಬ್ಬ ಡಿಸೆಂಬರ್ 1. ಕಲ್ಯಾಣದಲ್ಲೂ ಪ್ಯಾರಿಸ್ಸಿನಲ್ಲೂ ಜನ ಮೆಚ್ಚಿ ಉಳಿಸಿಕೊಂಡದ್ದು ಹಣವನ್ನು ಬಿಟ್ಟೋಡಿದವನ ಕಥೆಯನ್ನಲ್ಲ, ಹಣದ ನಡುವೆ ಕುಳಿತೂ ಲೆಕ್ಕ ತಪ್ಪದವನ ಕಥೆಯನ್ನು.

ಇಷ್ಟರಲ್ಲಿ ಯಜಮಾನರು ತಮ್ಮ ಆಲ್ಬಂ ಬಿಚ್ಚಿದರು. ಅದರಲ್ಲಿರುವುದು 108 ಜೇಬುಗಳು. ಅದಕ್ಕಿಂತ ಒಂದು ನಾಣ್ಯವನ್ನೂ ಹೆಚ್ಚು ಇಡುವುದಿಲ್ಲವಂತೆ. ಹೊಸದೊಂದು ಬಂದರೆ ಹಳೆಯದೊಂದು ಯಾರಿಗಾದರೂ ಹೋಗಬೇಕು. “ಇಲ್ದಿದ್ರೆ ಇದಕ್ಕೆ ಕೊನೆ ಎಲ್ಲಿ ಮೇಷ್ಟ್ರೇ?” ಎಂದರು. ಶ್ರಾವಕಾಚಾರದ ಒಂದು ವ್ರತವನ್ನು, ಅದರ ಹೆಸರೂ ಕೇಳದೆ, ಈ ಮನುಷ್ಯ ಪಾಲಿಸುತ್ತಿದ್ದರು. ಗೃಹಸ್ಥನಿಗೆ ಸಮಂತಭದ್ರರು ವಿಧಿಸಿದ್ದು ಸರ್ವತ್ಯಾಗವನ್ನಲ್ಲ, ಪರಿಮಿತ ಪರಿಗ್ರಹವನ್ನು. ಮೊದಲು ಗಡಿ ಹಾಕಿಕೊ, ಅದರಾಚೆಗಿನದಕ್ಕೆ ಆಸೆಪಡಬೇಡ ಎಂಬುದಷ್ಟೇ ಅದರ ತಾತ್ಪರ್ಯ.

ಅಲ್ಲಿಯವರೆಗೆ ನಾನು ಹೇಳದೆ ಉಳಿಸಿಕೊಂಡಿದ್ದ ಮಾತೊಂದಿತ್ತು. ನನ್ನ ತಂದೆಯವರು ಕೊನೆಯ ವರ್ಷಗಳಲ್ಲಿ ಈ ವ್ರತವನ್ನೇ ತೆಗೆದುಕೊಂಡಿದ್ದರು. ತುರುವೇಕೆರೆಯ ಬಳಿ ನಮಗೆ ಸಣ್ಣ ತೋಟವಿತ್ತು. ಅವರು ಹೋದ ಮೇಲೆ ಅವರ ತಗಡಿನ ಪೆಟ್ಟಿಗೆಯಲ್ಲಿದ್ದ ಚಿಲ್ಲರೆಯನ್ನೆಲ್ಲ ನಾನು ಜೇಬಿಗೆ ಸುರಿದುಕೊಂಡೆ. ಬಸ್ಸಿನ ಟಿಕೆಟ್ಟಿಗೋ ಹೂವಿಗೋ ಅದು ನಾಲ್ಕು ದಿನದಲ್ಲಿ ಕರಗಿತು. ತಿಂಗಳು ಕಳೆದು ಅವರ ನೋಟುಪುಸ್ತಕ ಸಿಕ್ಕಿತು. ಪಂಚೆ ನಾಲ್ಕು, ಚಾದರ ಎರಡು, ತಂಬಿಗೆ ಒಂದು ಎಂದು ಸಾಗುವ ಪಟ್ಟಿಯ ಕೊನೆಯ ಸಾಲಿನಲ್ಲಿ ಮಹಾವೀರ ಸ್ವಾಮಿಯ ಐದು ರೂಪಾಯಿ ಒಂದು ಎಂದು ಬರೆದು, ಮುಂದೆ ಖರ್ಚಿಗಲ್ಲ ಎಂದು ಸೇರಿಸಿದ್ದರು. ಅಪರಿಗ್ರಹದ ಮೇಲೆ ಭಾಷಣ ಮಾಡುವ ಮಗ ಆ ನಾಣ್ಯವನ್ನು ನೋಡದೆ ಖರ್ಚು ಮಾಡಿದ್ದ. ಸಂಗ್ರಾಹಕರ ಮೇಲಿನ ನನ್ನ ಸಿಡುಕಿನಲ್ಲಿ ತತ್ತ್ವವೆಷ್ಟು, ಈ ಮುಜುಗರವೆಷ್ಟು ಎಂದು ಬೇರ್ಪಡಿಸುವುದು ನನಗೆ ಇಂದಿಗೂ ಆಗಿಲ್ಲ.

ಹೇಳಿ ಮುಗಿಸಿದಾಗ ಯಾರೂ ಸಮಾಧಾನದ ಮಾತಾಡಲಿಲ್ಲ. ಯಜಮಾನರು ಕೇಳಿದ್ದು ಒಂದೇ: “ಟಂಕಸಾಲೆ ಗುರುತು ಯಾವುದಿತ್ತು?” ಮುಂಬಯಿಯದಾದರೆ ವಜ್ರದಾಕಾರ, ಹೈದರಾಬಾದಿನದಾದರೆ ನಕ್ಷತ್ರ, ನೊಯ್ಡಾದ್ದಾದರೆ ಚುಕ್ಕೆ, ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ, ಅವರ ಲೋಕದಲ್ಲಿ ನಾಣ್ಯವೊಂದನ್ನು ಗುರುತಿಸುವುದು ಹೀಗೆ. ನನಗೆ ತಿಳಿದಿರಲಿಲ್ಲ. ತಂದೆಯವರಿಗೆ ಖಂಡಿತ ತಿಳಿದಿತ್ತು. ಅವರು ಅದನ್ನು ಎಷ್ಟು ಸಲ ಬೆಳಕಿಗೆ ಹಿಡಿದಿದ್ದರೋ.

ಎಲೆಯ ಮೇಲಿನ ಹೂ ಬಾಡುವ ಹೊತ್ತಿಗೆ ಕೊಬ್ಬರಿ ಮಿಠಾಯಿ ಬಂತು. ಹೊರಡುವಾಗ ಯಜಮಾನರು ಅದೇ ಎಲೆಯ ಮೇಲಿದ್ದ ನಾಣ್ಯವನ್ನು ಸಣ್ಣ ಕಾಗದದ ಲಕೋಟೆಗೆ ಹಾಕಿ ನನ್ನ ಕೈಗಿತ್ತರು. “ನನ್ನ ಹತ್ರ ಎರಡಿತ್ತು, ಲೆಕ್ಕಕ್ಕೆ ಜಾಸ್ತಿ.” ಸಂಕೋಚದಿಂದ ಬೆಲೆಯೆಷ್ಟೆಂದು ಕೇಳಿದೆ. ಅದರ ಮೇಲೇ ಬರೆದಿದೆಯಲ್ಲ ಎಂದರು. ಜೇಬಿನಿಂದ ಒಂದು ಮಾಮೂಲಿ ಐದು ರೂಪಾಯಿ ತೆಗೆದು ಚಾಚಿದೆ. ನಯವಾಗಿ ನಿರಾಕರಿಸುತ್ತಾರೆಂದುಕೊಂಡಿದ್ದೆ, ಇಲ್ಲ, ತೆಗೆದುಕೊಂಡು, ಎರಡೂ ಬದಿ ತಿರುಗಿಸಿ ನೋಡಿ, ಗಲ್ಲಾಪೆಟ್ಟಿಗೆಗೆ ಹಾಕಿದರು.