ಕಟ್ಟಿರುವೆಯ ಮಳೆಗಾಲ

ಇರುವೆಗೆ ತುಳುವಿನಲ್ಲಿ ಪಿಜಿನ್, ಮಲೆಯಾಳದಲ್ಲಿ ಉರುಂಬು. ಎಡನೀರಿನ ನಾವು ಕಟ್ಟಿರುವೆ ಎನ್ನುವ ದೊಡ್ಡ ಕರಿ ಇರುವೆಯನ್ನು ಮೈಸೂರು ಕಡೆಯವರು ಗೊದ್ದ ಎನ್ನುತ್ತಾರೆ. ಅದರ ಶಾಸ್ತ್ರೀಯ ನಾಮ ಕಾಂಪೊನೋಟಸ್ ಕಂಪ್ರೆಸಸ್. ಈ ಕುಲದಲ್ಲಿ ಲೋಕದಾದ್ಯಂತ 1000ಕ್ಕೂ ಮಿಕ್ಕಿ ಜಾತಿಗಳಿವೆಯಂತೆ. ಅವುಗಳಲ್ಲಿ ಕೆಲವು ಮರ ಕೊರೆದು ಗೂಡು ಮಾಡುವುದರಿಂದ ಇಂಗ್ಲಿಷಿನವರು ಇಡೀ ಕುಲಕ್ಕೇ 'ಬಡಗಿ ಇರುವೆ' ಎಂದು ಹೆಸರಿಟ್ಟರು. ನಮ್ಮ ಕಟ್ಟಿರುವೆ ಹೆಚ್ಚಾಗಿ ಮಣ್ಣಿನ ಕೆಲಸದ್ದು. ಹಲಸಿನ ಬುಡದಲ್ಲಿ, ತೆಂಗಿನ ಬೇರಿನ ಸಂದಿನಲ್ಲಿ ಅದರ ಬಾಗಿಲು.

ಅಲಸಂಡೆ ಚಪ್ಪರದ ಕೆಳಗೆ ಕುಳಿತು ನಾವು ಇದನ್ನು ಎಷ್ಟೋ ಹೊತ್ತು ನೋಡಿದ್ದೇವೆ. ಎಳೆ ಕುಡಿಯಲ್ಲಿ ಕಪ್ಪು ಹೇನುಗಳು ಮುತ್ತಿರುತ್ತವೆ. ಕಟ್ಟಿರುವೆ ಮೀಸೆಯಿಂದ ಅವನ್ನು ಮೆಲ್ಲಗೆ ತಟ್ಟುತ್ತದೆ. ಹೇನು ಒಂದು ಸಿಹಿ ಹನಿ ಬಿಡುತ್ತದೆ. ನಮ್ಮ ಮನೆಯವರು ಹಸು ಕರೆಯುವಂತೆಯೇ! ಆ ಹನಿಯನ್ನು ಹೊಟ್ಟೆಯ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ ಗೂಡಿನವರಿಗೆ ಬಾಯಿಂದ ಬಾಯಿಗೆ ಹಂಚುತ್ತದೆ. ಹೇನನ್ನು ತಿನ್ನಲು ಬರುವ ಹುಳುಗಳನ್ನು ಓಡಿಸುವುದೂ ಉಂಟು. ಅಲಸಂಡೆ ಬೆಳೆಸುವವರಿಗೆ ಇದರ ಮೇಲೆ ಸಿಟ್ಟಿದ್ದರೆ ಅದು ನ್ಯಾಯವೇ.

ಇದಕ್ಕೆ ಮುಳ್ಳಿಲ್ಲ. ಕಚ್ಚಿ, ಗಾಯಕ್ಕೆ ಹಿಂಬದಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುವುದರಿಂದಲೇ ಆ ಉರಿ.

ನಮ್ಮಲ್ಲೊಬ್ಬನ ಮನೆಯಲ್ಲಿ ಕಳೆದ ವರ್ಷ ಮಾಡಿನ ಪಕ್ಕಾಸಿನಿಂದ ಮರದ ಹುಡಿ ಉದುರತೊಡಗಿತು. ಅಲ್ಲಿ ಓಡಾಡುತ್ತಿದ್ದುದು ಬಡಗಿ ಕುಲದ ಬೇರೊಂದು ಇರುವೆ. "ಮರವನ್ನೆಲ್ಲ ತಿಂದುಹಾಕಿತು" ಎಂದು ಅಜ್ಜ ಸೀಮೆಎಣ್ಣೆ ತರಿಸಿದರು. ಆದರೆ ಈ ಇರುವೆಗಳು ಒರಲೆಯಂತೆ ಮರ ತಿನ್ನುವುದಿಲ್ಲ. ಕೊರೆದ ಹುಡಿಯನ್ನು ಹೊರಗೆ ಚೆಲ್ಲುತ್ತವೆ. ಅವುಗಳಿಗೆ ಬೇಕಾದದ್ದು ಮೆತ್ತಗಾದ ಮರ. ಏಣಿ ಇಟ್ಟು ನೋಡಿದಾಗ ಹಂಚೊಂದು ಒಡೆದು ಪಕ್ಕಾಸು ನೆನೆದು ಕುಂಬಾಗಿತ್ತು. "ಹಾಗಾದರೆ ಇವು ನಮಗೆ ಹೇಳಲು ಬಂದದ್ದೇ ಆಯಿತಲ್ಲ ಮಗಾ" ಎಂದರು ಅಜ್ಜ. ಹಂಚು ಬದಲಾಯಿತು, ಪಕ್ಕಾಸೂ ಬದಲಾಯಿತು. ಸೀಮೆಎಣ್ಣೆ ಹಾಗೆಯೇ ಉಳಿಯಿತು.

ಉತ್ತರ ಅಮೆರಿಕದ ಚಳಿ ನಾಡುಗಳಲ್ಲಿ ಕಪ್ಪು ಬಡಗಿ ಇರುವೆ ಹಿಮಗಾಲವನ್ನು ಮರದ ಒಳಗೆ ಮುದುಡಿ ಕಳೆಯುತ್ತದೆ. ತಿನ್ನುವುದಿಲ್ಲ, ಓಡಾಡುವುದಿಲ್ಲ. ಮೈಯ ನೀರು ಹೆಪ್ಪುಗಟ್ಟದಂತೆ ಗ್ಲಿಸರಾಲ್ ಎಂಬ ವಸ್ತು ಅದರ ಒಡಲಲ್ಲಿ ಕೂಡಿಕೊಳ್ಳುತ್ತದೆ. ಮರಿಹುಳುಗಳೂ ಬೆಳವಣಿಗೆ ನಿಲ್ಲಿಸಿ ವಸಂತಕ್ಕಾಗಿ ಕಾಯುತ್ತವೆ. ನಮ್ಮಲ್ಲಿ ಡಿಸೆಂಬರಿನ ಮುಂಜಾನೆಗೆ ಹೊದಿಕೆ ಒಂದಿದ್ದರೆ ಸಾಕು; ಕಟ್ಟಿರುವೆಗೆ ಅದೂ ಬೇಡ. ಇಲ್ಲಿ ಅದರ ಪರೀಕ್ಷೆ ಇರುವುದು ಮಳೆಗಾಲದಲ್ಲಿ. ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮೀರಿ ಸುರಿಯುವ ಊರಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರದೊಳಗೆ. ಆಟಿ ತಿಂಗಳಲ್ಲಿ ಮಧುವಾಹಿನಿ ಕೆಂಪಾಗಿ ಹರಿಯುವಾಗ ತೋಟದ ಕಣಿಗಳೆಲ್ಲ ತುಂಬಿರುತ್ತವೆ. ಗೂಡಿಗೆ ನೀರು ನುಗ್ಗಿದರೆ ಕೆಲಸದ ಇರುವೆಗಳು ಬಿಳಿ ಗೂಡುಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರಿನ ಮೇಲೆ, ಮರದ ಪೊಟರೆಗೆ ಸಾಗಿಸುವುದನ್ನು ನಾವು ಕೊಡೆ ಹಿಡಿದು ನೋಡಿದ್ದೇವೆ. ನೀರಲ್ಲಿ ಮುಳುಗಿ ಸತ್ತಂತೆ ಬಿದ್ದ ಇರುವೆ ಒಣಗಿದ ಮೇಲೆ ಕಾಲಾಡಿಸಿ ಎದ್ದು ಹೋದದ್ದೂ ಉಂಟು. ಆಸ್ಟ್ರೇಲಿಯದ ಕಾಂಡ್ಲಾ ಕಾಡಿನಲ್ಲಿರುವ ಇದರ ಬಂಧು ಇನ್ನೂ ಜಾಣ. ಸಮುದ್ರದ ಉಬ್ಬರ ಬಂದಾಗ ಒಂದು ಇರುವೆ ತನ್ನ ತಲೆಯನ್ನೇ ಬಿರಡೆಯಾಗಿ ಗೂಡಿನ ತೂತಿಗೆ ಒತ್ತಿ ಹಿಡಿಯುತ್ತದೆ!

ಮೊದಲ ಮಳೆಗಳ ಆಸುಪಾಸಿನಲ್ಲಿ ರೆಕ್ಕೆಯ ಕಟ್ಟಿರುವೆಗಳು ನಮ್ಮ ಜಗಲಿಯ ದೀಪಕ್ಕೆ ಬರುತ್ತವೆ. ಹೆಚ್ಚಿನವು ಹಲ್ಲಿಯ ಪಾಲು. ಉಳಿದ ಹೆಣ್ಣು ರೆಕ್ಕೆ ಕಳಚಿ, ಮೆತ್ತಗಾದ ಮಣ್ಣು ಕೊರೆದು ಒಳಹೊಕ್ಕು ಬಾಗಿಲು ಮುಚ್ಚುತ್ತದೆ. ಹೊರಗೆ ಬಂದು ಆಹಾರ ಹುಡುಕುವುದಿಲ್ಲ. ಇನ್ನು ಬೇಡವಾದ ರೆಕ್ಕೆಯ ಮಾಂಸಖಂಡವನ್ನೂ ಮೈಯ ಕೊಬ್ಬನ್ನೂ ಕರಗಿಸಿ ಮೊದಲ ಮಕ್ಕಳಿಗೆ ಉಣಿಸುತ್ತದೆ. ಆ ಮಕ್ಕಳು ತೀರಾ ಸಣ್ಣವು. ಬಾಗಿಲು ತೆರೆದು ತಾಯಿಗೆ ಊಟ ತರಲು ಹೊರಡುವವು ಅವೇ.