ಎರಡು ಕೈ, ಎರಡು ಬ್ರೇಕು

ಮನೆಯಲ್ಲಿ ಮಾಡಿದ ಕುರ್ಚಿ ಅಲುಗಾಡಿದರೆ ಕಾಲಿನಡಿ ರಟ್ಟು ಮಡಚಿಟ್ಟು ಕೂರಬಹುದು. ಮನೆಯಲ್ಲಿ ಮಾಡಿದ ಬ್ರೇಕು ಹಾಗಲ್ಲ. ಅದು ಹಿಡಿಯುತ್ತದೋ ಇಲ್ಲವೋ ಎಂದು ಗೊತ್ತಾಗುವುದೇ ಬೇಕಾದ ಹೊತ್ತಿನಲ್ಲಿ. ಆಗ ರಟ್ಟು ಹುಡುಕಲು ಪುರುಸೊತ್ತಿರುವುದಿಲ್ಲ. ತಮ್ಮನ ಸೈಕಲ್ಲು ಮೂರು ವಾರದಲ್ಲಿ ಸಿದ್ಧವಾಯಿತು. ಅದರ ಬ್ರೇಕಿಗಾಗಿ ಐದು ತಿಂಗಳು ಹಾಸನ, ಚನ್ನರಾಯಪಟ್ಟಣ ಅಂತ ಅಲೆದೆ.

ತಮ್ಮನಿಗೆ ಹೊಳೆನರಸೀಪುರದಲ್ಲಿ ಒಂದು ಜೆರಾಕ್ಸ್ ಅಂಗಡಿಯಿದೆ. ನಾವಿರುವುದು ಅಲ್ಲಿಂದ ಐದಾರು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ನಾಲ್ಕು ವರ್ಷದ ಹಿಂದೆ ಅವನಿಗೆ ಒಳಕಿವಿಯ ತೊಂದರೆ ಬಂತು. ತಲೆಸುತ್ತು ಹೋಯಿತು, ಸಮತೋಲನ ಮಾತ್ರ ಮರಳಲಿಲ್ಲ. ಕೋಲು ಹಿಡಿದು ನಡೆಯುತ್ತಾನೆ. ಎರಡು ಚಕ್ರದ ಮೇಲೆ ಕೂತರೆ ಬೀಳುತ್ತಾನೆ. ಬೆಳಿಗ್ಗೆ ನಾನು ಬೈಕಿನಲ್ಲಿ ಬಿಡಬೇಕು, ಸಂಜೆ ನಾನೇ ಕರೆತರಬೇಕು. ಗಿರಾಕಿ ಇಲ್ಲದ ದಿನವೂ ನನ್ನ ಬಿಡುವಿಗೆ ಕಾಯುತ್ತಾ ಕೂರಬೇಕು. “ನಾನೇನು ಡೈರಿ ಹಾಲಿನ ಕ್ಯಾನಾ ಅಣ್ಣ, ಹೊತ್ತಿಗೆ ಸರಿಯಾಗಿ ಇಳಿಸೋಕೆ, ಎತ್ತೋಕೆ?” ಅಂದ ಒಂದು ದಿನ. ನಗುತ್ತಲೇ ಅಂದ. ನನಗೆ ನಗು ಬರಲಿಲ್ಲ.

ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್ಲು ಹೊಸದೇನಲ್ಲ. 1933ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಎಂಬಾತ ಪ್ಯಾರಿಸಿನಲ್ಲಿ ಇಂಥ ಸೈಕಲ್ಲಿನ ಮೇಲೆ ಒಂದು ಗಂಟೆಯಲ್ಲಿ 45 ಕಿಲೋಮೀಟರ್ ಓಡಿಸಿ ದಾಖಲೆ ಮುರಿದ. ಮರುವರ್ಷ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ, ಇದು ಸೈಕಲ್ಲೇ ಅಲ್ಲ ಎಂಬಂತೆ ಅದನ್ನು ಪಂದ್ಯಗಳಿಂದ ಹೊರಗಿಟ್ಟಿತು. ನಮ್ಮೂರ ಹುಡುಗರು ಅಷ್ಟು ಕಠಿಣರಲ್ಲ. ‘ಮಲಗೋ ಸೈಕಲ್ಲು’ ಅಂತ ಹೆಸರಿಟ್ಟು ಹಿಂದೆ ಓಡಿದರು. ಮುಂದೆ ಎರಡು ಗಾಲಿ, ಹಿಂದೆ ಒಂದು, ನಡುವೆ ನೆಲದಿಂದ ಒಂದಡಿ ಮೇಲೆ ಸೀಟು. ಹಾಸನದಲ್ಲಿ ಗೇಟು, ಗ್ರಿಲ್ ಮಾಡುವವರೊಬ್ಬರು ಚೌಕ ಪೈಪಿನಲ್ಲಿ ಚಾಸಿ ಕಟ್ಟಿಕೊಟ್ಟರು.

ತೊಡಕಿದ್ದದ್ದು ಮುಂದಿನ ಗಾಲಿಗಳಲ್ಲಿ. ಮಾಮೂಲಿ ಸೈಕಲ್ಲಿನ ಗಾಲಿಯನ್ನು ಫೋರ್ಕು ಎರಡೂ ಕಡೆಯಿಂದ ಹಿಡಿದಿರುತ್ತದೆ. ರಿಮ್ಮನ್ನು ಒತ್ತುವ ಬ್ರೇಕಿಗೆ ಅಲ್ಲೇ ಜಾಗ. ನಮ್ಮದರಲ್ಲಿ ಗಾಲಿ ನಿಂತಿರುವುದು ಕಾರಿನ ಹಾಗೆ, ಒಳಗಡೆಯಿಂದ ಬಂದ ಒಂದೇ ಅಚ್ಚಿನ ಮೇಲೆ. ಅದಕ್ಕೆ ಗುಜರಿಯಿಂದ ಹಳೇ ಮೊಪೆಡ್ಡಿನ ಎರಡು ಹಬ್ ತಂದೆ, 110 ಮಿ.ಮೀ. ಡ್ರಮ್ಮಿನವು. ಬೆಂಗಳೂರಿನಿಂದ ಡಿಸ್ಕ್ ತರಿಸು ಎಂದವರಿದ್ದರು. ಆದರೆ ನಮ್ಮ ಕಡೆ ಯಾವ ಮೂಲೆಯಲ್ಲಿ ಕೆಟ್ಟು ನಿಂತರೂ ಮೊಪೆಡ್ ಬಿಚ್ಚಬಲ್ಲ ಒಬ್ಬ ಮನುಷ್ಯ ಸಿಕ್ಕೇ ಸಿಗುತ್ತಾನೆ. ತಮ್ಮ ಒಬ್ಬನೇ ಓಡಾಡಬೇಕಾದರೆ ಅದು ಸಣ್ಣ ಮಾತಲ್ಲ.

ಚನ್ನರಾಯಪಟ್ಟಣದಲ್ಲಿ ಹೆದ್ದಾರಿ ಬದಿಗೆ ಲಾರಿ ಕೆಲಸ ಮಾಡುವ ಒಬ್ಬ ಹಿರಿಯ ಲೇತ್ ಮೇಸ್ತ್ರಿ ಇದ್ದಾರೆ. ಹಬ್ಬನ್ನು ತಿರುವಿ ನೋಡಿ ಕೇಳಿದರು: “ಈ ಪ್ಲೇಟು ಸುತ್ತದಂಗೆ ಯಾವುದು ಹಿಡ್ಕೊಂಡಿರ್ತದೆ ಸ್ವಾಮಿ?” ಇಡೀ ಕೆಲಸದ ಜೀವ ಇದ್ದದ್ದು ಆ ಪ್ರಶ್ನೆಯಲ್ಲಿ. ಬ್ರೇಕ್ ಶೂಗಳು ಕೂತಿರುವ ಪ್ಲೇಟು, ಬ್ರೇಕು ಹಿಡಿದಾಗ ಗಾಲಿಯ ಜೊತೆ ತಾನೂ ಸುತ್ತಲು ನೋಡುತ್ತದೆ. ಮೊಪೆಡ್ಡಿನಲ್ಲಿ ಅದನ್ನು ಫೋರ್ಕಿನ ಗೂಟ ತಡೆಯುತ್ತದೆ. ನಮಗೆ ಫೋರ್ಕೇ ಇಲ್ಲ. ಹಾಗಾಗಿ ಪ್ಲೇಟಿನಿಂದ ಸ್ಟಿಯರಿಂಗ್ ತುಂಡಿಗೆ ಒಂದು ತಡೆಪಟ್ಟಿ ಮಾಡಬೇಕಾಯಿತು. ನೋಡಲು ಬೆರಳುದ್ದದ ಕಬ್ಬಿಣ. ಐಟಿಐನಲ್ಲಿ ಫಿಟ್ಟರ್ ಕಲಿತು ಈಗ ವಿಮೆ ಮಾರುವ ನಾನು ಹಳೇ ಲೆಕ್ಕ ನೆನೆದು ಕೂತೆ. ಸೈಕಲ್ಲು, ತಮ್ಮ ಸೇರಿ 100 ಕಿಲೋ. ಗಟ್ಟಿಯಾಗಿ ಬ್ರೇಕು ಹಿಡಿದರೆ, ಆರು ಸೆಂಟಿಮೀಟರಿನ ಆ ಪಟ್ಟಿಯ ತುದಿಗೆ ಬೀಳುವ ಎಳೆತ ಸುಮಾರು 85 ಕಿಲೋ. ತಮ್ಮನೇ ಎಪ್ಪತ್ತು ಕಿಲೋ. ಅವನಿಗಿಂತ ದಪ್ಪ ಆಳೊಬ್ಬ ಆ ಬೆರಳುದ್ದಕ್ಕೆ ಜೋತುಬಿದ್ದ ಹಾಗೆ, ಅದೂ ಪ್ರತಿ ಸಲ.

ಲಾರಿಯ ಹಳೇ ಕಮಾನು ಪಟ್ಟಿಯಲ್ಲಿ ಮಾಡಿಸೋಣ, ಗಟ್ಟಿ ಇರುತ್ತದೆ ಎಂದೆ. ಮೇಸ್ತ್ರಿ ಒಪ್ಪಲಿಲ್ಲ. ಕಮಾನು ಪಟ್ಟಿಗೆ ಬೆಸುಗೆ ಬಿದ್ದರೆ ಆ ಜಾಗ ಗಾಜಿನ ಹಾಗೆ ಪೆಡಸಾಗುತ್ತದೆ. “ಸಾದಾ ಕಬ್ಬಿಣ ಮುರಿಯೋಕೆ ಮುಂಚೆ ಬಗ್ಗಿ ತೋರಿಸ್ತದೆ. ಇದು ಹೇಳದೆ ಹೋಗ್ತದೆ.” ಆರು ಮಿ.ಮೀ. ಪ್ಲೇಟಿನಲ್ಲಿ ಬೆಸುಗೆಯಿಲ್ಲದೆ ಒಂದೇ ತುಂಡಾಗಿ ಕತ್ತರಿಸಿ, ಎರಡು ಬೋಲ್ಟಿನಲ್ಲಿ ಕೂರಿಸಿದರು. ಅಚ್ಚು ಹೊಸದಾಗಿ ಕಡೆದರು, 6202 ಬೇರಿಂಗಿನ ಅಳತೆಗೆ. ಶೂಗಳಿಗೆ ಹೊಸ ಲೈನರ್ ಬಡಿದುಕೊಟ್ಟವರು ಅಲ್ಲೇ ಪಕ್ಕದವರು. ಹಳೇ ಲೈನರಿನ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ಅಲ್ಲಿನ ಹುಡುಗನಿಗೆ ಹೇಳಿದೆ. ಹಳೆಯವುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಅವನು ತಲೆಯಾಡಿಸಿ ಊದಿದ.

ಆಮೇಲೆ ಶುರುವಾಯಿತು ನಮ್ಮಿಬ್ಬರ ಜಗಳ. ಒಂದೇ ಲಿವರು, ಅದರಿಂದ ಎರಡು ಗಾಲಿಗೆ ಎರಡು ಕೇಬಲ್ಲು ಎನ್ನುವುದು ನನ್ನ ಯೋಜನೆ. ನಡುವೆ ನೊಗದಂಥ ಒಂದು ಅಡ್ಡಪಟ್ಟಿ. ಒಂದು ಕೇಬಲ್ಲು ಸಡಿಲವಿದ್ದರೆ ನೊಗ ಆ ಕಡೆ ವಾಲಿ ಎರಡಕ್ಕೂ ಸಮ ಎಳೆತ ಕೊಡುತ್ತದೆ. ನೋಡಲೂ ಚೆಂದ. ತಮ್ಮ ಕೇಳಿದ: “ಒಂದು ಕೇಬಲ್ ತುಂಡಾದ್ರೆ?” ನೊಗ ಪೂರ್ತಿ ತಿರುಗಿ ಇನ್ನೊಂದೂ ಸಡಿಲವಾಗುತ್ತದೆ. ಅದಕ್ಕೊಂದು ತಡೆ ಇಡುತ್ತೇನೆ ಎಂದೆ. ಅವನು ಬೇಡ ಎಂದ. ಎಡಗೈಗೆ ಎಡ ಗಾಲಿ, ಬಲಗೈಗೆ ಬಲ ಗಾಲಿ, ಬೇರೆ ಬೇರೆ ಲಿವರು. “ಇಳಿಜಾರಲ್ಲಿ ಇರೋನು ನಾನು. ಯಾವ ಕೈಗೆ ಎಷ್ಟು ಅಂತ ನನ್ನ ಕೈಗೇ ಗೊತ್ತಾಗಲಿ.”

ಹಾಗೆ ಮಾಡಿದರೆ ಒಂದೇ ಕಡೆ ಹಿಡಿದಾಗ ಸೈಕಲ್ಲು ಆ ಕಡೆಗೆ ಎಳೆಯುತ್ತದೆ. ಅದಕ್ಕೆ ಮದ್ದು ಕಿಂಗ್ ಪಿನ್ನಿನ ಓರೆಯಲ್ಲಿದೆ. ಗಾಲಿ ತಿರುಗುವ ಆ ಪಿನ್ನಿನ ಗೆರೆಯನ್ನು ಕೆಳಕ್ಕೆ ಎಳೆದರೆ ಟಯರು ನೆಲ ಮುಟ್ಟುವ ಜಾಗಕ್ಕೇ ಬಂದು ಸೇರಬೇಕು. ಆಗ ಹ್ಯಾಂಡಲ್ಲು ಕೈಯಿಂದ ಕಿತ್ತುಕೊಳ್ಳುವುದಿಲ್ಲ. ಪಿನ್ನಿನ ತೂತಿಗೆ ನೇರವಾದ ಕಡ್ಡಿ ತೂರಿಸಿ, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಎರಡು ಭಾನುವಾರ ಅದೇ ಕೆಲಸ ಮಾಡಿದೆವು.

ಅವ್ವನಿಗೆ ಈ ಯಾವ ಲೆಕ್ಕವೂ ಬೇಕಿರಲಿಲ್ಲ. “ಕೆರೆ ಏರಿ ಇಳಿಯುವಾಗ ನಿಲ್ತದಾ?” ಎನ್ನುವುದೊಂದೇ ಅವಳ ಪ್ರಶ್ನೆ. ಮೊದಲು ಮರಳಿನ ಚೀಲ ಸೀಟಿಗೆ ಕಟ್ಟಿ, ಹಿಂದಿನಿಂದ ಹಗ್ಗ ಹಿಡಿದು, ಲಿವರಿಗೆ ರಬ್ಬರ್ ಸುತ್ತಿ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದೆವು. ನಿಂತಿತು. ಆಮೇಲೆ ಸಮತಟ್ಟಾದ ರಸ್ತೆಯಲ್ಲಿ ನಾನು ಓಡಿಸಿದೆ. ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹಿಡಿದರೆ ನಾಲ್ಕು ಮೀಟರಿನೊಳಗೆ, ಮೂವತ್ತರಲ್ಲಿ ಒಂಬತ್ತರ ಹತ್ತಿರ. ವೇಗ ಒಂದೂವರೆ ಪಟ್ಟಾದರೆ ದೂರ ಎರಡು ಪಟ್ಟಿಗಿಂತ ಹೆಚ್ಚು ಎನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ, ಡಾಂಬರಿನ ಮೇಲೆ ಟೇಪು ಹಿಡಿದು ಅಳೆದದ್ದು ಅದೇ ಮೊದಲು. ತಡೆಪಟ್ಟಿ ಬಗ್ಗಿರಲಿಲ್ಲ. ಮೂರನೆಯ ದಿನ ತಮ್ಮ ಕೂತ. ನಾನು ಪಕ್ಕದಲ್ಲಿ ಬೈಕಿನಲ್ಲಿ ಹೊರಟೆ. ಏರಿಯ ನಡುವೆ ಅವನು, “ಅಣ್ಣ, ಹಿಂದೆ ಇರು, ದಾರಿ ಕಾಣ್ತಿಲ್ಲ” ಎಂದ.

ಸುಗ್ಗಿಯಲ್ಲಿ ಮಾತ್ರ ಹೊಸ ಪೇಚು. ನಮ್ಮ ಕಡೆ ಹುರುಳಿ, ರಾಗಿಯನ್ನು ಒಕ್ಕಲು ಟಾರು ರಸ್ತೆಗೇ ಹರವುತ್ತಾರೆ. ಬಸ್ಸು ಲಾರಿಗಳೇ ರೋಣಗಲ್ಲು. ಒಣ ಹುರುಳಿ ಬಳ್ಳಿಯ ಮೇಲೆ ಎಂಥ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ. ಗಾಲಿ ನಿಲ್ಲುತ್ತದೆ, ಗಾಡಿ ಜಾರುತ್ತದೆ. ಇದನ್ನು ಅವನಿಗೆ ನಾನು ಹೇಳಿಕೊಡಲಿಲ್ಲ. ಹುಲ್ಲು ಬರುವ ಮುಂಚೆಯೇ ವೇಗ ಇಳಿಸಿ, ಅದರ ಮೇಲೆ ಎರಡೂ ಕೈ ಸಡಿಲಬಿಟ್ಟು ತುಳಿದುಕೊಂಡು ದಾಟುತ್ತಾನೆ.

ಈಗ ಎಂಟು ತಿಂಗಳಾಯಿತು. ಅಂಗಡಿ ಬಾಗಿಲು ಹಾಕುವ ಹೊತ್ತು ಅವನದೇ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಸೈಕಲ್ಲೂ ಇಲ್ಲ, ಅವನೂ ಇಲ್ಲ. ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಹನ್ನೊಂದು ಗಂಟೆಗೆ ಫೋನು ಬಂತು, ಅರಕಲಗೂಡಿನಿಂದ. ಜೊತೆಗೆ ಓದಿದವನ ಮನೆಗೆ ಹೋಗಿದ್ದನಂತೆ.

“ಅಣ್ಣ, ಎಡಗಡೆ ಲಿವರ್ ಸ್ವಲ್ಪ ಒಳಕ್ಕೆ ಬರ್ತಿದೆ. ಅಡ್ಜಸ್ಟರ್ ನಟ್ಟು ಎಷ್ಟರದ್ದು?”

“ಹತ್ತರದ್ದು. ನಾನು ಬರಲಾ?”

“ಬೇಡ, ಸ್ಪ್ಯಾನರ್ ಇದೆ” ಎಂದು ಇಟ್ಟ.