ದೋಣಿಯ ಜ್ವರ

ಸಾಹಿತ್ಯ ವೃಂದದ ಹುಡುಗರು ಈ ಸಲ ಹಳೇ ವಿದ್ಯಾರ್ಥಿಗಳಿಂದಲೂ ಬರಹ ಬೇಕೆಂದು ಗಂಟು ಬಿದ್ದಿದ್ದಾರೆ. ಕವಿತೆ ನನ್ನ ಕೈಗೆ ಹತ್ತಿದ್ದಲ್ಲ. ಕತೆ ಬರೆಯಲು ಕೂತರೆ ಎರಡನೇ ಪುಟಕ್ಕೇ ನಾಯಕಿ ಸತ್ತುಹೋಗುತ್ತಾಳೆ. ಆದ್ದರಿಂದ ನನ್ನ ಕೈಯಾರೆ ಸುಟ್ಟ ಒಂದು ಮೋಟಾರಿನ ಕತೆಯನ್ನೇ ಬರೆಯುತ್ತೇನೆ. ಅಂಗೈ ಅಗಲದ ಮೋಟಾರು, ಆಟದ ದೋಣಿಯದು. ಇದರಲ್ಲೇನಿದೆ ಸಾಹಿತ್ಯ ಅಂತ ಮೂಗು ಮುರಿಯುವವರು ಮುಂದಿನ ಪುಟದ ಕವಿತೆಗೆ ಹೋಗಬಹುದು, ನನ್ನದೇನೂ ತಕರಾರಿಲ್ಲ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡಬೇಕು. ನಮ್ಮಪ್ಪನದು ಕುರ್ಲಾದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಹತ್ತಡಿ ಉದ್ದ, ಎಂಟಡಿ ಅಗಲ. ಗದಗಿನ ಕಡೆಯ ಹಳ್ಳಿಯಿಂದ ಬರಿಗೈಯಲ್ಲಿ ಬಂದು ಕೆಲಸ ಕಲಿತವನು. ಪಂಪು, ಮಿಕ್ಸರು, ಹಿಟ್ಟಿನ ಗಿರಣಿಯ ಮೋಟಾರು ಯಾವುದೇ ಸುಟ್ಟು ಬರಲಿ, ಅಪ್ಪ ಮೊದಲು ಮೂಸಿ ನೋಡುತ್ತಾನೆ. ಸುಟ್ಟ ವಾರ್ನಿಶ್ ವಾಸನೆಯಲ್ಲೇ ನಾನು ಬೆಳೆದದ್ದು. ಆದರೆ ಇಂಜಿನಿಯರಿಂಗ್ ಕಾಲೇಜಿಗೆ ಬಂದ ಮೇಲೆ ಯಾರಾದರೂ ಕೇಳಿದರೆ 'ಫಾದರ್‌ದು ಎಲೆಕ್ಟ್ರಿಕಲ್ ಬಿಸಿನೆಸ್' ಎನ್ನುತ್ತಿದ್ದೆ. ಸುಳ್ಳೇನಲ್ಲ. ಆದರೂ ಹೇಳುವಾಗ ಗಂಟಲು ಸ್ವಲ್ಪ ಹಿಡಿಯುತ್ತಿತ್ತು.

2018ರ ನವೆಂಬರ್. ಜನವರಿಯಲ್ಲಿ ಇನ್ನೊಂದು ಕಾಲೇಜಿನ ಉತ್ಸವದಲ್ಲಿ ರೇಡಿಯೋ ಕಂಟ್ರೋಲ್ ದೋಣಿಗಳ ಪಂದ್ಯವಿತ್ತು. ಎರಡು ಥರ್ಮೋಕೋಲ್ ಬುಂಡೆಗಳ ಸುತ್ತ ಐದು ಸುತ್ತು, ಮೊದಲು ಮುಗಿಸಿದವನು ಗೆದ್ದ. ನಾವು ಮೂವರು ಗೆಳೆಯರು ಸೇರಿ ತೆಳು ಪ್ಲೈವುಡ್ಡಿನಲ್ಲಿ ಅರವತ್ತು ಸೆಂಟಿಮೀಟರ್ ಉದ್ದದ ದೋಣಿ ಮಾಡಿದೆವು. (ರೇಡಿಯೋದಿಂದ ಓಡಿಸುವ ಯಂತ್ರವನ್ನು ಜನರಿಗೆ ಮೊದಮೊದಲು ತೋರಿಸಿದವನು ಟೆಸ್ಲಾ. 1898ರಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಅದೂ ವಿಮಾನವಲ್ಲ, ಕಾರಲ್ಲ, ಬ್ಯಾಟರಿಯ ಒಂದು ಪುಟ್ಟ ದೋಣಿ! ಇದನ್ನು ಎಲ್ಲರೆದುರು ಹೇಳಿ ಮೆರೆಯುತ್ತಿದ್ದೆ.) ದೋಣಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಭಾನುವಾರ ಬೆಳಿಗ್ಗೆ ಲೋಕಲಿನಲ್ಲಿ ಠಾಣೆಗೆ ಹೋಗಿ, ಅಲ್ಲಿನ ಒಂದು ಕೆರೆಯಲ್ಲಿ ಬಿಡುತ್ತಿದ್ದೆವು. ರೈಲಿನಲ್ಲಿ ಒಬ್ಬ ಅಜ್ಜಿ 'ಕೂಸು ಮಲಗಿದೆಯಾ' ಅಂತ ಮರಾಠಿಯಲ್ಲಿ ಕೇಳಿದ್ದಳು.

ಮೊದಲು ಹಾಕಿದ್ದು ಸಾಧಾರಣ ಬ್ರಶ್ ಇರುವ 550 ಸೈಜಿನ ಮೋಟಾರು. ವೇಗ ಸಾಲಲಿಲ್ಲ. ವೇಗ ಬೇಕಾದರೆ ದೊಡ್ಡ ಪ್ರೊಪೆಲರ್ ಹಾಕು, ಇದು ನನ್ನ ಸಿದ್ಧಾಂತ. ಹಾಕಿದೆ. ದೋಣಿ ಒಂದು ಸುತ್ತು ಬಾಣದಂತೆ ಹೋಯಿತು, ಎರಡನೇ ಸುತ್ತಿಗೆ ಎಮ್ಮೆಯಂತಾಯಿತು, ಮೂರನೆಯದಕ್ಕೆ ನಿಂತಿತು. ಮುಚ್ಚಳ ತೆಗೆದಾಗ ಬಂದದ್ದು ಅದೇ ನನ್ನ ಬಾಲ್ಯದ ವಾಸನೆ.

ಬಿಸಿಯಾಗುತ್ತಿದೆ, ಅಂದರೆ ತಂಪು ಮಾಡಬೇಕು. ಇದಕ್ಕಿಂತ ಸರಳ ತರ್ಕ ಉಂಟೇ? ಫ್ರಿಜ್ ರಿಪೇರಿಯವನಿಂದ ತಾಮ್ರದ ಸಣ್ಣ ಕೊಳವೆ ತಂದು, ಹೊಸದೊಂದು 550 ಮೋಟಾರಿನ ಮೈಸುತ್ತ ಹತ್ತು ಸುತ್ತು ಸುತ್ತಿದೆ. ಪ್ರೊಪೆಲರಿನ ಹಿಂದೆ ಬಾಯಿ ತೆರೆದ ಒಂದು ನಳಿಗೆ ಇಟ್ಟರೆ ದೋಣಿ ಮುಂದೆ ಹೋದಂತೆ ನೀರು ತಾನೇ ನುಗ್ಗುತ್ತದೆ, ಮೋಟಾರನ್ನು ಸುತ್ತಿ ಪಕ್ಕದ ತೂತಿನಿಂದ ಹೊರಬೀಳುತ್ತದೆ. ಪಂಪು ಬೇಡ, ಏನೂ ಬೇಡ. ಆದರೆ ನನ್ನ ದೋಣಿಯಿಂದ ಬಿದ್ದದ್ದು ತೊಟ್ಟು ತೊಟ್ಟು ನೀರು. ಫ್ರಿಜ್ಜಿನ ಆ ಕೊಳವೆಯ ಒಳತೂತು ಹೆಚ್ಚುಕಡಿಮೆ ಒಂದೇ ಮಿಲಿಮೀಟರ್, ಅದರಲ್ಲಿ ನೀರು ಹೇಗೆ ಓಡೀತು? ಅಗಲದ ಅಲ್ಯೂಮಿನಿಯಂ ಕೊಳವೆ ಸುತ್ತಿದೆ. ಈಗ ಧಾರೆ ಚೆನ್ನಾಗಿ ಬಂತು. ಮೋಟಾರಿನ ಮೈ ಮುಟ್ಟಿದರೆ ತಣ್ಣಗೆ. ಗೆದ್ದೆ ಅಂದುಕೊಂಡೆ. ಅದೇ ಭಾನುವಾರ ಅದೂ ಸುಟ್ಟಿತು, ಮೈ ತಣ್ಣಗಿರುವಾಗಲೇ!

ಈ ಒಗಟನ್ನು ಹೊತ್ತುಕೊಂಡು ಮೊದಲ ಸಲ ಅಪ್ಪನ ಅಂಗಡಿಗೆ ಹೋದೆ. ಅಪ್ಪ ಇಕ್ಕಳದಿಂದ ಡಬ್ಬಿ ಬಿಚ್ಚಿ, ಕರಿಕಾದ ಆರ್ಮೇಚರನ್ನು ಅಂಗೈ ಮೇಲಿಟ್ಟು ತೋರಿಸಿದ.

"ನೋಡೋ ತಮ್ಮಾ. ತಂತಿ ಸುತ್ತಿದ್ದು ಎಲ್ಲೈತಿ? ನಡುವ, ತಿರಗೋದ್ರಾಗ. ನೀ ನೀರು ಕೊಟ್ಟಿದ್ದು ಎಲ್ಲಿ? ಹೊರಗಿನ ಡಬ್ಬಿಗೆ. ನಡುವ ಬರೇ ಗಾಳಿ ಐತಿ. ಒಲಿ ಉರಿಯೋದು ಅಡಗಿಮನ್ಯಾಗ, ನೀ ನೀರು ಹೊಡದಿದ್ದು ಕಂಪೌಂಡ್ ಗ್ವಾಡಿಗೆ."

ನಾಲ್ಕು ಸೆಮಿಸ್ಟರ್ ಓದಿದ ನನಗೆ ಇದು ಹೊಳೆದಿರಲಿಲ್ಲ. ಬ್ರಶ್‌ಲೆಸ್ ಮೋಟಾರಿನಲ್ಲಿ, ಅದರಲ್ಲೂ ಒಳಗಿನ ಅಯಸ್ಕಾಂತ ತಿರುಗುವ ಜಾತಿಯದರಲ್ಲಿ, ತಂತಿಯ ಸುತ್ತು ಹೊರಗಡೆ ಡಬ್ಬಿಗೆ ಅಂಟಿಕೊಂಡೇ ಇರುತ್ತದೆ. ನೀರಿನ ಕವಚ ತೊಡಿಸಿದರೆ ಶಾಖ ನೇರ ನೀರಿಗೆ ಇಳಿಯುತ್ತದೆ. ಹಾಗಾದರೆ ಬ್ರಶ್‌ಲೆಸ್ಸೇ ಬೇಕು. ಕಂಟ್ರೋಲರ್ ಸೇರಿ 4,500 ರೂಪಾಯಿ. ಅವ್ವ ಭಿಶಿಯ ದುಡ್ಡು ಕೊಟ್ಟಳು. 'ಫೀಸಿಗೆ ಅಂತ ಇಟ್ಟಿದ್ದು, ಮಾರ್ಚಿನೊಳಗ ತಿರುಗಿ ಬರಬೇಕು ನೋಡಪಾ' ಎಂದಳು. ಇನ್ನು ಸುಡುವ ಹಾಗಿರಲಿಲ್ಲ.

ಲ್ಯಾಮಿಂಗ್ಟನ್ ರೋಡಿನಿಂದ ಹೊಸ ಮೋಟಾರು ತಂದು, ನೀರಿನ ಕವಚ ತೊಡಿಸಿ, ಅದೇ 42 ಮಿಲಿಮೀಟರ್ ಪ್ರೊಪೆಲರ್ ಸಮೇತ ಅಪ್ಪನ ಮುಂದಿಟ್ಟೆ. ಹೊಗಳಲಿ ಎಂದೇ ಇಟ್ಟದ್ದು. ಅಪ್ಪ ಕೇಳಿದ್ದು ಒಂದೇ ಮಾತು: "ಎಷ್ಟು ಆಂಪಿಯರ್ ಎಳೀತೈತಿ?"

ಗೊತ್ತಿರಲಿಲ್ಲ. ಅಪ್ಪ ತನ್ನ ಟಾಂಗ್ ಟೆಸ್ಟರ್ ತಂದು ಬ್ಯಾಟರಿಯ ತಂತಿಗೆ ಕಚ್ಚಿಸಿದ. ಅಂಗಡಿಯ ನೀಲಿ ಡ್ರಮ್ಮಿನ ನೀರಿನಲ್ಲಿ ದೋಣಿಯನ್ನು ಹಿಡಿದು ನಾನು ಮೋಟಾರ್ ಬಿಟ್ಟೆ. ನೀರು ಛಾವಣಿಗೆ ಚಿಮ್ಮಿತು. ಮೀಟರಿನಲ್ಲಿ ಸೊನ್ನೆ. ನಾನು ನಕ್ಕುಬಿಟ್ಟೆ. "ಅಪ್ಪಾ, ಅದು ಎಸಿ ಮೀಟರು. ಬ್ಯಾಟರಿದು ಡಿಸಿ, ಅದರಾಗ ಬರಂಗಿಲ್ಲ." ಪಕ್ಕದ ಅಂಗಡಿಯವನೂ ನಕ್ಕ. ಅಪ್ಪ ಏನೂ ಅನ್ನಲಿಲ್ಲ. ಟೆಸ್ಟರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಪ್ರೊಪೆಲರನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದ. ಮತ್ತೆ ತಿರುಗಿಸಿದ. "ಸುತ್ತಿಗೊಂದು ಕಡೆ ಹಿಡೀತೈತಿ. ಶಾಫ್ಟು ಮೋಟಾರು ಒಂದು ಗೆರಿಯೊಳಗ ಇಲ್ಲ." ಅಷ್ಟು ಹೇಳಿ, ಗಿರಣಿಯ ಮೋಟಾರಿನ ಕಡೆ ತಿರುಗಿದ. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ. ಅಪ್ಪ ಮರೆತಿದ್ದಾನೆಯೋ ಏನೋ.

ಮೋಟಾರಿನ ಕಾಲ ಕೆಳಗೆ ತೆಳು ವಾಶರ್ ಕೊಟ್ಟಾಗ ಆ ಹಿಡಿತ ಹೋಯಿತು. ನಾಚಿಕೆಯಿಂದ ಗೆಳೆಯನ ಹತ್ತಿರ ವಾಟ್ ಮೀಟರ್ ಕಡ ತಂದೆ, ಬ್ಯಾಟರಿಗೂ ಕಂಟ್ರೋಲರಿಗೂ ನಡುವೆ ಕೂರಿಸುವಂಥದು. ದೋಣಿ ಓಡಿ ಬಂದ ಮೇಲೂ ಅತಿ ಹೆಚ್ಚು ಎಳೆದ ಕರೆಂಟನ್ನು ತೋರಿಸುತ್ತದೆ. ಕೆರೆಯಲ್ಲಿ ಅದು 58 ತೋರಿಸಿತು. ಡ್ರಮ್ಮಿನಲ್ಲಿ ಹಿಡಿದಾಗ ಇನ್ನೂ ಹೆಚ್ಚು, ಏಕೆಂದರೆ ನಿಂತ ದೋಣಿಯ ಪ್ರೊಪೆಲರಿಗೆ ಹೊರೆ ಜಾಸ್ತಿ. ಕಂಟ್ರೋಲರ್ ತಾಳುವುದು 60. ಅಂದರೆ ಅಂಚಿನ ಮೇಲೆ ನಿಂತಿದ್ದೆವು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಅಂಕಿ ಹೇಳಿದೆ. ಅಪ್ಪ ರೊಟ್ಟಿ ಮುರಿಯುತ್ತಾ ಅಂದ: "ಮೋಟಾರ್ ಬಿಸಿ ಆಗೈತಿ ಅಂದ್ರ ಜ್ವರ ಬಂದಂಗ. ತಣ್ಣೀರ ಬಟ್ಟಿ ಹಾಕಿದ್ರ ಜ್ವರ ಇಳೀತೈತಿ, ರೋಗ ಹೋಗಂಗಿಲ್ಲ. ಪಂಖಾ ಸಣ್ಣದು ಮಾಡು."

ಸಣ್ಣ ಪ್ರೊಪೆಲರ್ ಹಾಕಿದರೆ ವೇಗ ಹೋಗುವುದಿಲ್ಲವೇ? ಪುಸ್ತಕ ತೆಗೆದೆ. ಒಂದೇ ಆಕಾರದ ಪ್ರೊಪೆಲರ್ ಒಂದೇ ಸುತ್ತುವೇಗದಲ್ಲಿ ತಿನ್ನುವ ಶಕ್ತಿ ವ್ಯಾಸದ ಐದನೇ ಘಾತದಂತೆ ಏರುತ್ತದೆ. 42 ಇದ್ದದ್ದನ್ನು 38 ಮಾಡಿದರೆ ಹೊರೆ ಸುಮಾರು ಶೇಕಡಾ 40 ಇಳಿಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವಾದರೋ ಕರೆಂಟಿನ ವರ್ಗದಂತೆ: ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟು. ತಾಮ್ರ 80 ಡಿಗ್ರಿ ಬಿಸಿ ಏರಿದರೆ ಅದರ ರೋಧವೇ ಸುಮಾರು ಶೇಕಡಾ 30 ಹೆಚ್ಚುತ್ತದೆ, ಅಂದರೆ ಬಿಸಿಯೇ ಬಿಸಿಯನ್ನು ಹಡೆಯುತ್ತದೆ. ಮೇಲಾಗಿ ಸಾಧಾರಣ ದರ್ಜೆಯ ನಿಯೋಡೈಮಿಯಂ ಅಯಸ್ಕಾಂತ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. ಹೊಗೆ ಬರದೆಯೂ ಮೋಟಾರು ಒಳಗೊಳಗೇ ಮುದುಕಾಗುತ್ತದೆ.

ಹೊಸ ಪ್ರೊಪೆಲರಿಗೆ ದುಡ್ಡಿರಲಿಲ್ಲ. ಇದ್ದುದನ್ನೇ ಅಪ್ಪ ಅರದಿಂದ ಉಜ್ಜಿ 38ಕ್ಕೆ ಇಳಿಸಿದ. ಆಮೇಲೆ ಸೂಜಿಗೆ ಪೋಣಿಸಿ, ಯಾವ ಎಲೆ ಕೆಳಗೆ ಬರುತ್ತದೋ ಅದರ ಬೆನ್ನನ್ನು ಚೂರುಚೂರೇ ಕೆರೆದ, ಹೇಗೆ ಬಿಟ್ಟರೂ ಹಾಗೇ ನಿಲ್ಲುವ ತನಕ. ಒಂದೂವರೆ ತಾಸು ಬೇಕಾಯಿತು. ನಾನು ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಿದ್ದೆ. ನಾವಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತು ಎಷ್ಟೋ ವರ್ಷವಾಗಿತ್ತು.

ಕೆರೆಯಲ್ಲಿ ಮೀಟರು 39 ತೋರಿಸಿತು. ಸುತ್ತಿಗೆ 31 ಸೆಕೆಂಡು ಹಿಡಿಯುತ್ತಿದ್ದ ದೋಣಿ 26ರಲ್ಲಿ ಬಂತು! ದೊಡ್ಡ ಪ್ರೊಪೆಲರ್ ಹೊತ್ತು ಏದುಸಿರು ಬಿಡುತ್ತಿದ್ದ ಮೋಟಾರು ಈಗ ತನ್ನ ಸುತ್ತು ಹಿಡಿದಿತ್ತು. ಬ್ಯಾಟರಿಯ ವೋಲ್ಟೇಜೂ ಕುಸಿಯುತ್ತಿರಲಿಲ್ಲ. ಬ್ಯಾಟರಿಯನ್ನು ಎರಡು ಬೆರಳಷ್ಟು ಹಿಂದೆ ಸರಿಸಿದಾಗ ಮೂತಿ ಎದ್ದು, ನೀರಿಗೆ ತಾಗುವ ಮೈ ಕಡಿಮೆಯಾಗಿ, ಇನ್ನೊಂದು ಸೆಕೆಂಡು ಸಿಕ್ಕಿತು. ಆಸೆಗೆ ಮತ್ತೂ ಸರಿಸಿದರೆ ಕಪ್ಪೆಯಂತೆ ಕುಪ್ಪಳಿಸತೊಡಗಿತು.

ನೀರು ತಂಪಿನ ಲೆಕ್ಕವೂ ಆಗ ಸಲೀಸಾಯಿತು. ನಿಮಿಷಕ್ಕೆ ಒಂದು ಕಟಿಂಗ್ ಚಹಾದಷ್ಟು, ಅಂದರೆ ನೂರು ಮಿಲಿಲೀಟರ್ ನೀರು ಹತ್ತು ಡಿಗ್ರಿ ಬಿಸಿಯಾಗಿ ಹೊರಬಿದ್ದರೆ ಸಾಕು, 70 ವಾಟ್ ಶಾಖ ಹೊತ್ತುಕೊಂಡು ಹೋಗುತ್ತದೆ. ಮೀನಿನ ತೊಟ್ಟಿಗೆ ಹಾಕುವ ಮೆತ್ತನೆ ಕೊಳವೆಯಲ್ಲಿ ನೀರನ್ನು ಮೊದಲು ಕಂಟ್ರೋಲರಿಗೆ, ಆಮೇಲೆ ಮೋಟಾರಿಗೆ ಕೊಟ್ಟೆ. ಕವಚದ ಕೆಳಗಿನಿಂದ ಹೊಗಿಸಿ ಮೇಲಿನಿಂದ ಬಿಟ್ಟೆ, ಒಳಗೆ ಗಾಳಿ ಕೂರಬಾರದಲ್ಲ. ಹೊರಬೀಳುವ ತೂತನ್ನು ದಂಡೆಯಿಂದ ಕಾಣುವಂತೆ ಬಲಗಡೆ ಇಟ್ಟೆ. ಕೆರೆಯ ಹುಡುಗರು 'ದೋಣಿ ಸೂಸೂ ಮಾಡುತ್ತಿದೆ' ಎಂದು ಕೇಕೆ ಹಾಕುತ್ತಿದ್ದರು.

ಪಂದ್ಯದ ದಿನ ಅಪ್ಪ ಅಂಗಡಿ ಮುಚ್ಚಿ ಬರುತ್ತೇನೆಂದ. ಬೇಡ ಅನ್ನಲು ಬಾಯಿ ಬರಲಿಲ್ಲ. ಬರಲಿ ಎಂಬ ಧೈರ್ಯವೂ ಇರಲಿಲ್ಲ. ವಾರ್ನಿಶ್ ಕಲೆಯ ಅದೇ ಚೀಲ ಹಿಡಿದು ಬಂದ. ಗೆಳೆಯರಿಗೆ 'ನಮ್ಮಪ್ಪ' ಎಂದೆ. ಅಷ್ಟೇ.

ಮೂರು ಸುತ್ತಿನ ತನಕ ನಾವೇ ಮುಂದೆ. ನಾಲ್ಕನೆಯದರಲ್ಲಿ ನನ್ನ ಕಣ್ಣು ಹಿಂದಿನ ದೋಣಿಯ ಮೇಲಿತ್ತು. ಬೆನ್ನ ಹಿಂದಿನಿಂದ ಕೂಗು: "ತಮ್ಮಾ, ನೀರು ನಿಂತೈತಿ! ಇಳಸು, ಇಳಸು!" ನೋಡಿದೆ, ಬಲಗಡೆಯ ಧಾರೆ ಇಲ್ಲ. ಅಂತರಗಂಗೆಯ ಬೇರು ನಳಿಗೆಗೆ ಸಿಕ್ಕಿರಬೇಕು. ಇನ್ನು ಒಂದೂವರೆ ಸುತ್ತು. ಹಾಗೇ ಒತ್ತಿದರೆ ಗೆಲ್ಲಬಹುದಿತ್ತೇನೋ. ಅವ್ವನ ಭಿಶಿ ನೆನಪಾಯಿತೋ, ಅಪ್ಪನ ದನಿಗೆ ಕೈ ತಾನೇ ಸಡಿಲಿತೋ ಹೇಳಲಾರೆ, ಅರ್ಧಕ್ಕೆ ಇಳಿಸಿದೆ. ಎರಡು ದೋಣಿ ದಾಟಿ ಹೋದವು. ಮೂರನೇ ಸ್ಥಾನಕ್ಕೆ ಬಹುಮಾನ ಇರಲಿಲ್ಲ. ಭಿಶಿಯ ದುಡ್ಡನ್ನು ಮಾರ್ಚಿನಲ್ಲಿ ತುಂಬಿದವನೂ ಅಪ್ಪನೇ.

ದೋಣಿ ದಡಕ್ಕೆ ಬಂದಾಗ ಅಪ್ಪ ಮುಚ್ಚಳ ತೆಗೆದು ಮೋಟಾರಿನ ಮೇಲೆ ಬೆರಳಿಟ್ಟ. ಅಂಗಡಿಯಲ್ಲಿ ಮಾಡುವಂತೆ ತುಟಿಯಲ್ಲೇ ಎಣಿಸಿದ. ಅರವತ್ತು ಡಿಗ್ರಿಯ ಸುಮಾರಿಗೆ ಯಾರ ಬೆರಳೂ ಬಹಳ ಹೊತ್ತು ನಿಲ್ಲುವುದಿಲ್ಲ. ಅಪ್ಪ ಹದಿನೈದರ ತನಕ ಎಣಿಸಿ ಬೆರಳು ತೆಗೆದ. "ಏನೂ ಆಗಿಲ್ಲ."

ಗೆದ್ದ ತಂಡದ ಹುಡುಗ ಇದನ್ನೆಲ್ಲ ನೋಡುತ್ತಾ ನಿಂತಿದ್ದ. ಅವನ ಮೋಟಾರಿನಿಂದ ಸಣ್ಣಗೆ ಹೊಗೆ ಬರುತ್ತಿತ್ತು. 'ಅಂಕಲ್, ಇದನ್ನೂ ಸ್ವಲ್ಪ ನೋಡ್ತೀರಾ' ಅಂತ ಹಿಂದಿಯಲ್ಲಿ ಕೇಳಿದ. ಅಪ್ಪ ಮೂಸಿ ನೋಡಿ ತಲೆಯಾಡಿಸಿ, ಅಂಗಡಿಗೆ ತಾ ಎಂದ. ವಿಳಾಸ ಬರೆದುಕೊಟ್ಟವನು ನಾನು. ಮುಂದಿನ ಭಾನುವಾರ ಅವರು ನಾಲ್ವರು ಬಂದರು. ಅಂಗಡಿಯಲ್ಲಿ ಕೂರಲು ಜಾಗವಿಲ್ಲದೆ ರಸ್ತೆಯಲ್ಲೇ ನಿಂತು ಚಹಾ ಕುಡಿದರು.